ಭಾಷಣಕ್ಕೆ ಕೈ ಕಲಿಸಿದ ಲಿಲ್ಲಿ ಟೀಚರ್

ಕಟಪಾಡಿಯ ಲಿಲ್ಲಿ ಟೀಚರ್ ರಾಜಕಾರಣಿಗಳ ಭಾಷಣವನ್ನು ಟಿವಿಯ ಸದ್ದು ಅಡಗಿಸಿ ನೋಡುತ್ತಿದ್ದರು. "ಬಾಯಿ ನೋಡ್ಬೇಡ, ಕೈ ನೋಡು ಮಾರಾಯ. ಅದಕ್ಕೆ ಇನ್ನೂ ಸುಳ್ಳು ಹೇಳ್ಲಿಕ್ಕೆ ಬರುವುದಿಲ್ಲ," ಎನ್ನುವರು. ಬೆರಳು ಝಳಪಿಸುವವನಿಗೆ ಒಳಗೆ ಹೆದರಿಕೆ. ಶಾಲು ಸರಿಪಡಿಸುತ್ತಲೇ ಇರುವವನಿಗೆ ಈ ಸಲ ಟಿಕೆಟ್ ಇಲ್ಲ. ಪಕ್ಕದ ಮನೆಯ ನಾನು ಈ ತೀರ್ಪುಗಳಿಗೆಲ್ಲ ಸಾಕ್ಷಿ.

ಶಾಲೆಯಲ್ಲಿ ಮಕ್ಕಳಿಗೆ ನಾಟಕ ಕಲಿಸಿ ನಿವೃತ್ತರಾದವರು. ಒಂಟಿ ಜೀವ, ಹರಿತ ನಾಲಗೆ. ಅವರ ಹಳೆಯ ವಿದ್ಯಾರ್ಥಿ ದಯಾನಂದ ಪೆಟ್ರೋಲ್ ಪಂಪಿನ ಮಾಲಕ. ಚುನಾವಣೆಗೆ ನಿಲ್ಲುವ ಆಸೆ, ಆದರೆ ಮೈಕ್ ಕಂಡರೆ ಬೆವರು. ಹೆಂಡತಿಯನ್ನೂ ಕರೆದುಕೊಂಡು ಟೀಚರ ಬಳಿ ಬಂದ.

"ಕೈ ಎಂತ ಮಾಡ್ತಾ ಉಂಟು ನಿನ್ನದು? ನೊಣ ಓಡಿಸುವುದಾ?" ಎಂದು ಎರಡೂ ಕೈಗೆ ತೆಂಗಿನಕಾಯಿ ಕೊಟ್ಟು ಅಂಗಳದಲ್ಲಿ ಭಾಷಣ ಮಾಡಿಸಿದರು. ಭಾಷಣದ ನಡುವೆ ಅವನು ಕಣ್ಣೀರು ಹಾಕಲು ಹೋದಾಗ ಹೆಂಡತಿಯ ಎದುರೇ ಹೇಳಿದರು: "ಇದು ಅಳುವ ಮುಖ ಅಲ್ಲ, ಹೊಟ್ಟೆ ಕಟ್ಟಿ ಕಕ್ಕಸಿನಲ್ಲಿ ಕೂತವರ ಮುಖ." ಹೆಂಡತಿ ನಕ್ಕಳು. ದಯಾನಂದನೂ ನಕ್ಕ, ಸ್ವಲ್ಪ ತಡವಾಗಿ.

ಅವನು ಗೆದ್ದ. ಅಷ್ಟರಲ್ಲಿ ಟೀಚರಿಗೆ ನಡುಕದ ಕಾಯಿಲೆ ಹಿಡಿದು, ತಲೆ ಸದಾ ಬೇಡ ಬೇಡ ಎಂಬಂತೆ ಅಲ್ಲಾಡುತ್ತಿತ್ತು. ಆದರೂ ಕಾಪುವಿನ ಅಭಿನಂದನಾ ಸಭೆಗೆ ರೇಷ್ಮೆ ಸೀರೆ ಉಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತರು.

"ನನ್ನ ಟೀಚರ್ ಇಲ್ಲೇ ಇದ್ದಾರೆ," ಎಂದ ದಯಾನಂದ. "ಟೀಚರ್, ನಾನು ಗೆಲ್ತೇನಾ ಅಂತ ಕೇಳಿದ್ದೆ. ಅವರು ಹೀಗೆ ಮಾಡಿದ್ರು." ಕೈಗಳನ್ನು ಅಲುಗಿಸದೆ, ಕತ್ತನ್ನು ಮಾತ್ರ ಟೀಚರಂತೆಯೇ ನಡುಗಿಸಿದ. ಸಭೆ ಬಿದ್ದು ಬಿದ್ದು ನಕ್ಕಿತು. ಟೀಚರ್ ಎದ್ದು ಕೈಮುಗಿದರು. ತಲೆ ಅಲ್ಲಾಡುತ್ತಲೇ ಇತ್ತು. ಜನ ಮತ್ತೊಮ್ಮೆ ನಕ್ಕರು.

"ಚೆನ್ನಾಗಿ ಮಾಡಿದ," ಎಂದರು ಟೀಚರ್, ನನ್ನೊಡನೆ ರಿಕ್ಷಾದಲ್ಲಿ ಮರಳುವಾಗ.

ವಾರ ಕಳೆದು ಅವನ ಸಹಾಯಕ ನನಗೆ ಫೋನ್ ಮಾಡಿದ. "ಕಾರ್ಕಳದಲ್ಲಿ ಸಭೆ ಉಂಟು. ಟೀಚರನ್ನು ಕರ್ಕೊಂಡು ಬನ್ನಿ. ಅವರು ಎದುರಿಗಿದ್ರೆ ಆ ತಮಾಷೆ ಜನರಿಗೆ ಬೇಗ ಅರ್ಥ ಆಗ್ತದೆ." ಪಕ್ಕದಲ್ಲೇ ಕೂತಿದ್ದ ಟೀಚರ್ ಫೋನ್ ಕಿತ್ತುಕೊಂಡರು. "ಲಿಲ್ಲಿ ಟೀಚರಾ? ಅವರು ತೀರಿಕೊಂಡ್ರಲ್ಲ," ಎಂದು ಇಟ್ಟುಬಿಟ್ಟರು.

ಯಾರೂ ವಿಚಾರಿಸಲಿಲ್ಲ. ಕಾರ್ಕಳದ ವಿಡಿಯೊ ಮರುದಿನವೇ ಮೊಬೈಲಿಗೆ ಬಂತು: ದಯಾನಂದ ಕನ್ನಡಕ ತೆಗೆದು, ಕಣ್ಣು ಒತ್ತಿಕೊಂಡು, ಅಗಲಿದ ಗುರುವಿಗೆ ಮೌನ ಪ್ರಾರ್ಥನೆ ಮಾಡಿಸುತ್ತಿದ್ದ. ಟೀಚರ್ ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು.

"ಜನ ಎಲ್ಲ ಎದ್ದು ನಿಂತಿದ್ದಾರೆ, ಅಲ್ವಾ?" ಎಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಟೀಚರ್ ನಿಜವಾಗಿಯೇ ಹೋದರು. ಇಗರ್ಜಿಯಲ್ಲಿ ಅಂತಿಮ ಪ್ರಾರ್ಥನೆಗೆ ನಾವು ಬೆರಳೆಣಿಕೆಯ ಜನ. ಮನಸ್ಸು ತಡೆಯದೆ ದಯಾನಂದನ ಕಚೇರಿಗೆ ಫೋನ್ ಮಾಡಿ ಟೀಚರ್ ತೀರಿಕೊಂಡದ್ದನ್ನು ಹೇಳಿದೆ.

"ಅವರದ್ದು ಕಾರ್ಕಳದಲ್ಲೇ ಆಗಿದೆಯಲ್ಲ, ಮಾರಾಯ್ರೆ," ಎಂದ ಸಹಾಯಕ.