ಐಸ್ ಪ್ಲಾಂಟಿನ ಪೆಟ್ಟಿಗೆಯಿಂದ ನಾನು ಅಳಿಸಿದ ಕೋಡ್

ಮಾನ್ಯ ಓದುಗರಲ್ಲಿ ವಿನಂತಿ. ನನ್ನ ಕೈಬರಹ ಚೆನ್ನಾಗಿಲ್ಲ, ಕಾಗುಣಿತವೂ ಅಷ್ಟಕ್ಕಷ್ಟೇ. ಇಂಥದ್ದನ್ನು ಬರೆಯುತ್ತಿರುವುದು ಇದೇ ಮೊದಲಾದ್ದರಿಂದ ಕ್ಷಮೆ ಇರಲಿ.

ಗಂಗೊಳ್ಳಿಯ ಐಸ್ ಪ್ಲಾಂಟೊಂದರಲ್ಲಿ ಅಮೋನಿಯಾ ಸೋರಿದರೆ ಗಂಟೆ ಬಾರಿಸುವ ಸಣ್ಣ ಕಂಪ್ಯೂಟರ್ ಪೆಟ್ಟಿಗೆಯಿದೆ. ಅದರ ಉಸ್ತುವಾರಿ ನನ್ನದು. ಕಳೆದ ಬೇಸಿಗೆಯಲ್ಲಿ ಅದರ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ಲನ್ನು ಹಗುರಗೊಳಿಸಲು ಕುಳಿತೆನು. ಕೆಲಸವಿಲ್ಲದಾಗ ಪ್ರೊಸೆಸರನ್ನು ನಿದ್ರೆಗೆ ಕಳುಹಿಸುವ ಕೋಡ್ ಅದರಲ್ಲಿತ್ತು. ಅದು ಎಷ್ಟು ಸಲ ಓಡುತ್ತದೆಂದು ಎಣಿಕೆ ಇಟ್ಟೆನು. ಮೂರು ವಾರವಾದರೂ ಸೊನ್ನೆ. ‘ಬಳಕೆಯಲ್ಲಿಲ್ಲ’ ಎಂದು ಷರಾ ಬರೆದು ಅಳಿಸಿದೆನು.

ಅಲ್ಲಿ ಬಹುಕಾಲದಿಂದ ಯಂತ್ರ ನೋಡಿಕೊಳ್ಳುವ ಹಿರಿಯರೊಬ್ಬರು ಬಗ್ಗಿ ನೋಡಿದರು.

“ಹ್ವಾಯ್, ಎಂತ ತೆಗ್ದದ್ದ್?”

“ಕೆಲ್ಸ ಇಲ್ದೆ ಕೂಕಂಡದ್ದ್ ಅಣ್ಣ.”

“ಹಾಂಗಾರೆ ಮಳಿಗಾಲದಗೆ ನನ್ನೂ ತೆಗಿತ್ಯಾ?”

ಇಬ್ಬರೂ ನಕ್ಕೆವು.

ಮಳೆಗಾಲದ ಮೀನುಗಾರಿಕೆ ನಿಷೇಧ ಬಂದಿತು. ದೋಣಿಗಳು ದಡ ಸೇರಿದವು. ಐಸು ಕೇಳುವವರಿಲ್ಲದೆ ಕಂಪ್ರೆಸರ್ ನಿಂತಿತು. ಕೊಳವೆಗಳಲ್ಲಿ ಅಮೋನಿಯಾ ಮಾತ್ರ ಹಾಗೆಯೇ ಇತ್ತು. ಅದರ ಕಾವಲಿಗೆ ಆ ಹಿರಿಯರೊಬ್ಬರೇ ಒಳಗೆ ಕೂರುತ್ತಿದ್ದರು. ವರ್ಷಗಟ್ಟಲೆ ಅದರ ಘಾಟು ಕುಡಿದ ಅವರ ಮೂಗಿಗೆ ವಾಸನೆ ತಿಳಿಯುತ್ತಿರಲಿಲ್ಲ. ಗಂಟೆಯನ್ನೇ ನಂಬಿದ್ದರು.

ಒಂದು ಬೆಳಿಗ್ಗೆ ಬಿಜೂರಿನ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ನನಗೆ ಹೊಳೆಯಿತು: ನಾನು ಎಣಿಸಿದ್ದು ಮೀನಿನ ಸೀಸನ್ನಿನಲ್ಲಿ. ಕಂಪ್ರೆಸರ್ ಓಡುವಾಗ ಕ್ಷಣಕ್ಷಣಕ್ಕೂ ಒತ್ತಡ ಅಳೆಯುವ ಪ್ರೊಸೆಸರಿಗೆ ಬಿಡುವೇ ಇರಲಿಲ್ಲ. ಈಗ ಬಿಡುವಿದೆ, ಮಲಗಲು ದಾರಿಯಿಲ್ಲ. ಸುಮ್ಮನೆ ಸುತ್ತಿ ಸುತ್ತಿ ಬಿಸಿಯಾಗುತ್ತದೆ. ಪೆಟ್ಟಿಗೆಯ ಫ್ಯಾನಿಗೂ ಕಂಪ್ರೆಸರಿನ ಲೈನಿನಿಂದಲೇ ಕರೆಂಟು, ಈಗ ಅದೂ ನಿಂತಿದೆ. ಪೆಟ್ಟಿಗೆ ಕಾದು ಆರಿಹೋದರೆ ಗಂಟೆ ಬಾರಿಸುವವರಿಲ್ಲ.

ಫೋನ್ ಮಾಡಿದೆನು. ಅವರು ಎತ್ತಲಿಲ್ಲ. ಮಳೆಯಲ್ಲೇ ಬೈಕು ಹತ್ತಿದೆನು.

ಪ್ಲಾಂಟಿನ ಬಾಗಿಲು ತೆಗೆಯುತ್ತಲೇ ಕಣ್ಣು ಉರಿಯಿತು. ಪೆಟ್ಟಿಗೆ ಮುಟ್ಟಲಾಗದಷ್ಟು ಬಿಸಿ, ದೀಪ ಆರಿತ್ತು. ಅವರು ಕುರ್ಚಿಯಲ್ಲಿ ಕುಳಿತು ಹೆಗಲ ಮೇಲಿನ ಬೈರಾಸು ಬಟ್ಟೆಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

“ಆಗಳಿಂದ ಕಣ್ಣ್ ಉರಿತಿತ್ ಕಾಣ್. ಗಂಟಿ ಬಡಿಲಿಲ್ಲೆ ಅಲ್ದಾ, ಅದ್ಕೇ ಕೂಕಂಡೆ.”

ಕೈಹಿಡಿದು ಹೊರಗೆ ತಂದೆನು. ವಾಲ್ವೊಂದು ಸಡಿಲಗೊಂಡಿತ್ತು, ಮೆಕ್ಯಾನಿಕ್ ಬಂದು ಬಿಗಿಮಾಡಿದರು. ಪೆಟ್ಟಿಗೆ ತಣಿದು ಮತ್ತೆ ಚಾಲೂ ಆದ ಮೇಲೆ, ಅಳಿಸಿದ ಕೋಡನ್ನು ಅಂದೇ ಮರಳಿ ಸೇರಿಸಿದೆನು. ಅವರಿಗೆ ಅಂದು ಹತ್ತಿದ ಕೆಮ್ಮು ಇನ್ನೂ ಬಿಟ್ಟಿಲ್ಲ.

ಮಳೆಗಾಲ ಮತ್ತೆ ಸಮೀಪಿಸಿದೆ. ಅವರು ಈ ಬಾರಿಯೂ ಗಂಟೆಯನ್ನು ನಂಬಿಯೇ ಕೂರುವವರು. ಅದೇ ಎಣಿಕೆಯನ್ನು ನೆಚ್ಚಿ ಆ ಬೇಸಿಗೆಯಲ್ಲಿ ಇನ್ನೂ ಕೆಲವು ಸಾಲುಗಳನ್ನು ಅಳಿಸಿದ್ದೆನು. ಎಲ್ಲವನ್ನೂ ಮರಳಿ ಸೇರಿಸಿದ್ದೇನೆಂದೇ ನನ್ನ ಭಾವನೆ. ಆದರೂ ದಿನವೂ ತೆರೆದು ನೋಡುತ್ತೇನೆ. ನಾನೊಬ್ಬನೇ ನೋಡಿದರೆ ಸಾಲದೆಂದು ಈಗ ತಿಳಿದಿರುವುದರಿಂದ, ಈ ಬರಹದಲ್ಲಿಯೂ ತಪ್ಪು ಕಂಡುಬಂದಲ್ಲಿ ತಾವು ದಯವಿಟ್ಟು ತಿದ್ದಿಕೊಡಬೇಕಾಗಿ ಕೋರುತ್ತೇನೆ.