ಅಕ್ಷಯ ತದಿಗೆಯ ದಿನ ಅಕ್ಕನ ಮದುವೆ

ಅಕ್ಷಯ ತದಿಗೆಗೆ ಮುಹೂರ್ತ ನೋಡಬೇಕಿಲ್ಲ ಎಂದು ಮೊದಲು ಹೇಳಿದವರು ಯಾರೋ ನನಗೆ ಗೊತ್ತಿಲ್ಲ. ಗೊತ್ತಾಗಿದ್ದರೆ ಅವರೊಂದಿಗೆ ಜಗಳವಾಡುವುದಿತ್ತು.

ನಮ್ಮದು ಶಿಗ್ಲಿಯ ಒಕ್ಕಲುತನದ ಮನೆ. ಅಪ್ಪ ಹತ್ತಿ, ಜೋಳ ಬೆಳೆಯುತ್ತಿದ್ದ. ಅದಕ್ಕಿಂತ ಹೆಚ್ಚಾಗಿ ಭಾಷಣ ಮಾಡುತ್ತಿದ್ದ. ಏಕೀಕರಣಕ್ಕಾಗಿ ಹಳ್ಳಿಹಳ್ಳಿ ತಿರುಗಿದ, ಉಪವಾಸ ಕೂತ. ನಾಡು ಒಂದಾದ ದಿನ ನಮ್ಮ ಮಾಳಿಗೆಯ ಮೇಲೆ ಸಾಲುದೀಪ ಹಚ್ಚಿದವಳು ನನ್ನ ಅಕ್ಕ. ಆಗ ಅವಳಿಗೆ ಹದಿಮೂರು, ನನಗೆ ಹತ್ತು. ಮರುವರ್ಷ ಅವಳು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಬರೆದಳು. ಶಾಲೆಯ ಶಿಕ್ಷಕಿ ಮನೆಗೇ ಬಂದು, ಇವಳನ್ನು ಗದಗಿನ ಹೈಸ್ಕೂಲಿಗೆ ಕಳಿಸಿ, ಮುಂದೆ ಮಾಸ್ತರಿಕೆ ಮಾಡುತ್ತಾಳೆ ಎಂದರು. ಅಪ್ಪ ಅವರಿಗೆ ಚಹಾ ಕೊಡಿಸಿ, ಖಂಡಿತ ಕಳಿಸುತ್ತೇನೆ ಎಂದ.

ತದಿಗೆಗೆ ವಾರವಿದ್ದಾಗ ಮುಂಡರಗಿಯಿಂದ ಸಂಬಂಧ ಬಂತು. ಅಪ್ಪ ಒಪ್ಪಿಕೊಂಡೇಬಿಟ್ಟ. ಅದೇ ದಿನ ಬಸವ ಜಯಂತಿ, ಹೇಗೂ ಊರಿಗೆ ಊಟ ಹಾಕುವುದಿದೆ, ಅದರಲ್ಲೇ ಮದುವೆಯೂ ಆಗಲಿ ಎಂದು ಅವ್ವನಿಗೆ ತಿಳಿಸಿದ. ಕೇಳಲಿಲ್ಲ, ತಿಳಿಸಿದ. ಅಕ್ಕನಿಗೆ ಅಷ್ಟೂ ಮಾಡಲಿಲ್ಲ. ಅವಳಿಗೆ ವಿಷಯ ಗೊತ್ತಾದದ್ದು ಬಳೆಗಾರ ಬಂದಾಗ.

ಆ ವರ್ಷ ರಂಜಾನೂ ಅದೇ ದಿನ ಬಂದಿತ್ತು. ಬೆಳಗಾಗುತ್ತಲೇ ಪಕ್ಕದ ಮನೆಯಾಕೆ ಹಬ್ಬಕ್ಕೆ ಮಾಡಿದ ಶಾವಿಗೆ ಪಾಯಸ, ಸುರಕುಂಬದ ಪಾತ್ರೆ ತಂದಳು. ಕೈತುಂಬ ಅರಿಶಿನ ಹಚ್ಚಿಕೊಂಡು ಕೂತಿದ್ದ ಅಕ್ಕನನ್ನು ನೋಡಿ ಪಾತ್ರೆ ಕೆಳಗಿಟ್ಟು ಹೊರಟುಹೋದಳು. ಓಣಿಯಲ್ಲಿ ಎತ್ತುಗಳ ಕೊಂಬಿಗೆ ಬಣ್ಣ ಬಳಿದು ಜೂಲ ಹೊದಿಸಿದ್ದರು. ಬಸವಣ್ಣನವರ ಪಟವಿಟ್ಟ ಬಂಡಿ ನಮ್ಮ ಮನೆಯ ಮುಂದೆ ನಿಂತಿತು. ಅಪ್ಪ ಅದನ್ನೇರಿ ಭಾಷಣ ಮಾಡಿದ. ಹೆಣ್ಣು ಗಂಡಿಗಿಂತ ಕಡಿಮೆಯಲ್ಲ, ಹೊಸ ನಾಡಿನ ಪ್ರತಿ ಹೆಣ್ಣುಮಗಳೂ ಓದಬೇಕು ಎಂದ. ಜನ ಚಪ್ಪಾಳೆ ತಟ್ಟಿದರು. ಅಕ್ಕ ಕಿಟಕಿಯ ಸರಳು ಹಿಡಿದು ಎಲ್ಲ ಕೇಳಿಸಿಕೊಂಡಳು.

ಅಪ್ಪ ಒಳಗೆ ಬಂದಾಗ ಬೀಗರೂ ಪಡಸಾಲೆಯಲ್ಲಿದ್ದರು. ಅಕ್ಕ ಎದ್ದು ಅವನ ಮುಂದೆ ಹೋಗಿ ನಿಂತಳು.

"ಅಪ್ಪಾ, ಈಗ ಬಂಡಿ ಮ್ಯಾಲೆ ನಿಂತು ಹೇಳಿದ್ದು ಖರೇನ?"

ಅಪ್ಪ ಸಿಟ್ಟಾಗಲಿಲ್ಲ. ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಅದು ಊರಿಗೆ ಹೇಳೂ ಮಾತು. ಮನಿ ಮಾತು ಬ್ಯಾರೆ ಐತಿ. ಹೋಗು, ಸೀರಿ ಉಟ್ಕೋ."

ಮಧ್ಯಾಹ್ನ ಅಕ್ಕಿಕಾಳು ಬಿದ್ದವು. ಉಂಡವರೆಲ್ಲ ಹುಗ್ಗಿ ಚೆನ್ನಾಗಿತ್ತು ಎಂದು ಹೊಗಳಿ ಹೋದರು. ಬೆಳಗ್ಗೆ ಭಾಷಣಕ್ಕೆ ಚಪ್ಪಾಳೆ ತಟ್ಟಿದವರೂ ಅವರೇ. ಅವರಲ್ಲಿ ಒಬ್ಬನಿಗಾದರೂ ನಾಚಿಕೆಯಾಯಿತೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಆಗಿರಲಾರದು.

ನಾಲ್ಕು ವರ್ಷದ ಮೇಲೆ ಅದೇ ಹಬ್ಬಕ್ಕೆ ನನ್ನ ಸರದಿ ಬಂತು. ಹುಡುಗ ಶಿರಹಟ್ಟಿಯವನು. ಅವ್ವ ಯಾರ ಕೈಲೋ ಅಕ್ಕನಿಗೆ ಖಬರು ಮುಟ್ಟಿಸಿದ್ದಳು. ಹಬ್ಬದ ಹಿಂದಿನ ದಿನ, ಗಂಡಿನ ಕಡೆಯವರು ಮಾತುಕತೆಗೆ ಕೂತಿದ್ದಾಗ, ಅಕ್ಕ ಕೂಸನ್ನು ಎತ್ತಿಕೊಂಡು ಬಂದಳು. ಮುಂಡರಗಿಯಿಂದ ಗದಗ, ಅಲ್ಲಿಂದ ಲಕ್ಷ್ಮೇಶ್ವರ ಎಂದು ಬಸ್ಸು ಬದಲಿಸುತ್ತ ಬಂದವಳು ನೀರು ಕೂಡ ಕುಡಿಯದೆ ಪಡಸಾಲೆಯ ನಡುವೆ ನಿಂತಳು.

"ಈಕಿ ಮದಿವಿ ಆಗೂದಿಲ್ರಿ. ಓದಾಕ ಹೊಂಟಾಳ. ನೀವು ಬ್ಯಾರೆ ಕಡೆ ನೋಡ್ರಿ."

ಅಪ್ಪ ಕೈ ಎತ್ತಿಕೊಂಡು ಬಂದ. ಅಡುಗೆಮನೆಯಿಂದ ಅವ್ವ ಬಂದು ಇಬ್ಬರ ನಡುವೆ ನಿಂತಳು. ಅವನಿಗೆ ಅವಳು ಅಡ್ಡ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬೀಗರಾಗಬೇಕಾದವರು ಚಪ್ಪಲಿ ಮೆಟ್ಟಿಕೊಂಡು ನಡೆದರು.

ಮರುದಿನ ಎತ್ತುಗಳ ಮೆರವಣಿಗೆ ಹೊರಡುವ ಮೊದಲೇ ಅಕ್ಕ ನನ್ನನ್ನು ಕರೆದುಕೊಂಡು ಗದಗಿಗೆ ಹೋದಳು. ನಾನು ಗದಗಿಗೆ ಹೊಂದಿದ ಬೆಟಗೇರಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಹೈಸ್ಕೂಲು ಓದಿದೆ, ಟ್ರೇನಿಂಗು ಮುಗಿಸಿದೆ, ಲಕ್ಷ್ಮೇಶ್ವರದಲ್ಲಿ ಮಾಸ್ತರಿಕೆಗೆ ಸೇರಿದೆ. ಅಪ್ಪ ಸಾಯುವವರೆಗೂ ಅಕ್ಕನನ್ನು ತವರಿನ ಹೊಸ್ತಿಲು ತುಳಿಯಗೊಡಲಿಲ್ಲ. ಸತ್ತಾಗ, ಹೆಣ್ಣುಮಕ್ಕಳ ಓದಿಗೆ ದುಡಿದ ಹಿರಿಯರು, ಮಗಳನ್ನು ಶಿಕ್ಷಕಿ ಮಾಡಿದವರು ಎಂದು ಸಭೆಯಲ್ಲಿ ಹೊಗಳಿದರು. ನಾನು ಎದ್ದುನಿಂತು, ನನ್ನನ್ನು ಓದಿಸಿದ್ದು ಅಪ್ಪನಲ್ಲ, ಹಿಂದಿನ ಸಾಲಿನಲ್ಲಿ ಕೂತಿರುವ ನನ್ನ ಅಕ್ಕ ಎಂದೆ. ಅಧ್ಯಕ್ಷರು ಕೆಮ್ಮಿ ಮುಂದಿನವರನ್ನು ಭಾಷಣಕ್ಕೆ ಕರೆದರು.

ಪ್ರತಿ ವರ್ಷ ತದಿಗೆಯ ಮದುವೆಗಳೂ ಬೇಸಿಗೆ ರಜೆಯೂ ಮುಗಿದು ಜೂನಿನಲ್ಲಿ ನನ್ನ ಶಾಲೆ ತೆರೆದಾಗ ಏಳನೆಯ ತರಗತಿಯಲ್ಲಿ ಕೆಲವು ಹುಡುಗಿಯರ ಜಾಗ ಖಾಲಿ ಇರುತ್ತಿತ್ತು. ನಾನು ಅವರ ಮನೆಗಳಿಗೆ ಹೋಗುತ್ತಿದ್ದೆ. ಕೆಲವರು ಕೂರಿಸಿ ಮಾತಾಡಿಸಿದರು, ಕೆಲವರು ನನ್ನನ್ನು ಕಂಡೊಡನೆ ಬಾಗಿಲು ಹಾಕಿಕೊಂಡರು. ಹಾಕಿದ ಬಾಗಿಲನ್ನೂ ನಾನು ಬಡಿಯುತ್ತಿದ್ದೆ.