ಅಕ್ಕಿಗೂ ಖಾಂದಾನ್ ಇರುತ್ತದೆ

ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ನಾವಿದ್ದಾಗ ಪಕ್ಕದ ಮನೆಯವರು ಅಕ್ಕಿ ವ್ಯಾಪಾರಿ. ಅಂಗೈಯಲ್ಲಿ ನಾಲ್ಕು ಕಾಳು ಹರಡಿ ಬೆಳಕಿಗೆ ಹಿಡಿಯದೆ ಅವರು ಯಾರಿಗೂ ಅಕ್ಕಿ ತೂಗಿದ್ದಿಲ್ಲ.

"ಕಾಳು ತುಂಬೂ ಹೊತ್ತಿನ್ಯಾಗ ಝಳ ಬಡೀತಂದ್ರ ಇದರ ಹೊಟ್ಟಿ ಸುಣ್ಣ ಬಳದಂಗ ಆಗತೈತ್ರಿ. ಗಿರಣಿಗೆ ಹಾಕಿದ್ರ ಬರೇ ನುಚ್ಚು. ಅದ ಝಳದಾಗ ಬೆಳದ ಈ ಇನ್ನೊಂದ ತಳಿ ನೋಡ್ರಿ, ಗಾಜಿನಂಗ ಐತಿ. ಎಲ್ಲಾ ಖಾಂದಾನ್ ರೀ, ಖಾಂದಾನ್!"

ಮನೆತನದ ಈ ಮಾತನ್ನು ಅವರು ಅಕ್ಕಿಗಷ್ಟೇ ಬಿಡಲಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಅವರ ಮಗಳನ್ನು ನೋಡಲು ಹೋಟಗಿಯಿಂದ ಗಂಡಿನವರು ಬಂದರು. ಹಿರಿಯನೆಂದು ನನ್ನನ್ನೂ ಕೂರಿಸಿಕೊಂಡಿದ್ದರು. ಎಲ್ಲರೂ ಕುಳಿತ ಮೇಲೆ ಇವರು ಮೆಲ್ಲಗೆ ಫ್ಯಾನ್ ಆರಿಸಿ, "ಹುಡುಗನ ಖಾಂದಾನ್ ಈಗ ತಿಳೀತೈತಿ" ಎಂದು ನನ್ನ ಕಿವಿಯಲ್ಲಿ ಉಸುರಿದರು.

ಹುಡುಗ ಬಿಸಿ ಚಹಾ ಕುಡಿದು ಇನ್ನೊಂದು ಕಪ್ ಕೇಳಿದ. ಇವರು ಮೊದಲು ಟೋಪಿ ತೆಗೆದರು, ಆಮೇಲೆ ಅಂಗಿಯ ಗುಂಡಿ ಬಿಚ್ಚಿದರು, ಕೊನೆಗೆ ಮಾತಿನ ನಡುವೆಯೇ ಎದ್ದು ಓಡಿ ಫ್ಯಾನ್ ಹಾಕಿ ಅದರ ಕೆಳಗೇ ನಿಂತುಬಿಟ್ಟರು.

"ಕರೆಂಟ್ ಬಂತು ನೋಡ್ರಿ!" ಎಂದರು.

ಹುಡುಗನ ತಂದೆ ಇವರ ಅಂಗಡಿಯ ಹಳೆಯ ಗಿರಾಕಿ. ಅವರು ಗೋಡೆಯ ಸ್ವಿಚ್ಚನ್ನೊಮ್ಮೆ, ಬೆವರುತ್ತಿದ್ದ ಇವರನ್ನೊಮ್ಮೆ ನೋಡಿ, "ಸಾವಕಾರ್ರ, ಹೆಣ್ಣಿಂದು ಖಾಂದಾನ್ ಹೆಂಗ್ರಿ?" ಎಂದರು.

ಆಗಲೇ ಒಲೆಯ ಮುಂದಿನಿಂದ ಎದ್ದು, ಅವಲಕ್ಕಿಯ ತಟ್ಟೆಗಳನ್ನು ಹಿಡಿದು ಮಗಳು ಬಂದಳು. ಅವಳ ಹಣೆಯ ಮೇಲೆ ಒಂದು ಹನಿ ಬೆವರಿರಲಿಲ್ಲ.

"ಕಾಳಜಿ ಮಾಡಬ್ಯಾಡ್ರಿ ಕಾಕಾ," ಎಂದಳು. "ನಂದು ಅವ್ವನ ಖಾಂದಾನ್."